ಮನೆಗೊಂದು ಆಳು

ರಜೆಗೆ ಬಂದಾಗಿನಿಂದ ಸುನಿಲ್‌ಕುಮಾರ ಒಂದು ಕಡೆ ಕೂತಿದ್ದನ್ನು ಕಂಡವರಿಲ್ಲ. ಜಗಲಿಯಲ್ಲಿ ಕೂರು ಎಂದರೆ ಅಂಗಳಕ್ಕೆ ಇಳಿಯುತ್ತಿದ್ದ. ಅಂಗಳಕ್ಕೆ ಕುರ್ಚಿ ತಂದು ಹಾಕಿದರೆ ಕೊಟ್ಟಿಗೆಯ ಹಿಂದೆ ಹೋಗಿ ನಿಲ್ಲುತ್ತಿದ್ದ. ಊಟಕ್ಕೆ ಕೂತರೆ ಎರಡು ತುತ್ತು ತಿನ್ನುವಷ್ಟರಲ್ಲಿ ಎದ್ದು ಅಡಿಗೆಮನೆಯ ಕಿಟಕಿಗೆ ಒಂದು ಸಲ ಹೋಗಿ ಬರಲೇಬೇಕು. ಆ ಕಿಟಕಿಯಲ್ಲಿ ಒಂದು ಸ್ಟೀಲ್ ಲೋಟ, ಲೋಟದೊಳಗೆ ಅವನ ಫೋನು. ಬೆಳಗೋಡಿನಿಂದ ಗುಡ್ಡ ಇಳಿದು ಒಳಗೆ ಹೋದರೆ ಸಿಗುವ ಆ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದು ಅಲ್ಲೊಂದೇ ಕಡೆ, ಅದೂ ಫೋನನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿದರೆ ಮಾತ್ರ.

"ಚಡ್ಡಿಯೊಳಗೆ ಇರುವೆ ಬುಟ್ಕಂಡೋನಂಗೆ ಆಡ್ತೀಯಲ್ಲೋ, ಅನ್ನನಾದ್ರೂ ನೆಟ್ಟಗೆ ತಿನ್ನು" ಎಂದು ತಾಯಿ ಕೆಂಚಮ್ಮ ಬೈಯುತ್ತಿದ್ದಳು. ಅವನು ಏಳುವ ಮೊದಲೇ ಹೆಂಡತಿ ಚೈತ್ರಶ್ರೀ ತಾನೇ ಕಿಟಕಿಗೆ ಹೋಗಿ ನೋಡಿ ಬಂದು, ಏನಿಲ್ಲ ಎಂದು ತಲೆಯಾಡಿಸುತ್ತಿದ್ದಳು.

ಸುನಿಲ ಮಿಲಿಟರಿಯಲ್ಲಿ ನಾಯಕ್. ಹೆಸರು ದೊಡ್ಡದು, ಹುದ್ದೆ ಚಿಕ್ಕದು; ಅವನ ಕೆಳಗೆ ಇರುವವರಿಗಿಂತ ಮೇಲೆ ಇರುವವರೇ ಹೆಚ್ಚು. ಹಿಮದ ಕಡೆಯ ಒಂದು ಪೋಸ್ಟಿನಿಂದ ರಜೆ ಹಾಕಿ ಬಂದಿದ್ದ. ಬಂದು ಬಟ್ಟೆ ಒಗೆದು ಒಣಗಿಸುವಷ್ಟರಲ್ಲಿ ಗಡಿಯಲ್ಲಿ ಗಲಾಟೆ ಶುರುವಾಯಿತು. ಟಿವಿಯಲ್ಲಿ ಕೋಟು ಹಾಕಿಕೊಂಡವರು ತಾವೇ ಹೋಗಿ ಹೊಡೆದು ಬರುವವರ ಹಾಗೆ ಕಿರುಚತೊಡಗಿದರು. ರಜೆಯಲ್ಲಿದ್ದವರನ್ನು ಯಾವ ಗಳಿಗೆಯಲ್ಲಾದರೂ ಕರೆಸಬಹುದು ಎಂದು ಅವನದೇ ಯೂನಿಟ್ಟಿನ ಆಲೂರಿನ ಲೋಹಿತ್ ಹೇಳಿದ್ದ. ಕರೆ ಬಂದರೆ ಹೆಂಡತಿಯನ್ನು ಬಿಟ್ಟು ಹೋಗಬೇಕಲ್ಲ ಎಂದು ಸುನಿಲನಿಗೆ ಸಂಕಟ. ಬರದೆ ಹೋದರೆ ಜೊತೆಯವರೆಲ್ಲ ಅಲ್ಲಿದ್ದು ತಾನೊಬ್ಬ ಇಲ್ಲಿ ಮುದ್ದೆ ತಿನ್ನುತ್ತಿದ್ದೇನಲ್ಲ ಎಂದು ನಾಚಿಕೆ. ಈ ಎರಡರ ನಡುವೆ ಆ ಹಾಳು ಫೋನು ಬೇರೆ ದಿನಕ್ಕೆ ಹತ್ತು ಸಲ ಟಿಂಗ್ ಎನ್ನುತ್ತಿತ್ತು. ಓಡಿಹೋಗಿ ನೋಡಿದರೆ, ಇಂಥ ಎಸ್ಟೇಟಿನ ಹತ್ತಿರ ಕಾಡಾನೆ ಓಡಾಡುತ್ತಿದೆ, ಎಚ್ಚರಿಕೆಯಿಂದಿರಿ ಎಂಬ ಅರಣ್ಯ ಇಲಾಖೆಯ ಮೆಸೇಜು.

ಅಪ್ಪ ಗುಂಡಯ್ಯನಿಗೆ ಗಡಿಯ ಚಿಂತೆ ಇರಲಿಲ್ಲ ಎಂದಲ್ಲ, ಅದಕ್ಕಿಂತ ದೊಡ್ಡ ಚಿಂತೆ ಮನೆಯ ಹಿಂದೆಯೇ ಇತ್ತು. ಇದ್ದ ಮೂರೆಕರೆ ರೊಬಸ್ಟಾ ಕಾಫಿ ಗಿಡಗಳಲ್ಲಿ ಮೊಗ್ಗು ಕಟ್ಟಿ ನಿಂತಿತ್ತು. ಹೂಮಳೆ ಬಿದ್ದರೆ ಅರಳುತ್ತದೆ, ಬೀಳದಿದ್ದರೆ ಹಾಗೇ ಕಂದಿ ಉದುರುತ್ತದೆ. ಆಮೇಲೆ ವರ್ಷವೆಲ್ಲ ಗಿಡದ ಎಲೆ ನೋಡಿಕೊಂಡು ಕೂರಬೇಕು. ಮಾರ್ಚ್ ಮುಗಿಯುತ್ತ ಬಂದರೂ ಆಕಾಶದಲ್ಲಿ ಒಂದು ಮೋಡದ ಚೂರಿಲ್ಲ. ಉಳಿದ ದಾರಿ ಸ್ಪ್ರಿಂಕ್ಲರ್. ಕೆರೆಗೆ ಎಂಜಿನ್ ಇಟ್ಟು, ಗುಡ್ಡದ ಮೇಲೆ ಪೈಪು ಹಾಯಿಸಿ, ಮಳೆಯ ಹಾಗೆ ನೀರು ಹೊಡೆಯಬೇಕು. ಎಂಜಿನ್ ಇದ್ದದ್ದು ರುದ್ರಯ್ಯನ ಹತ್ತಿರ ಮಾತ್ರ. ಅದು ಸರದಿಯ ಮೇಲೆ ಮನೆಯಿಂದ ಮನೆಗೆ ಹೋಗುತ್ತಿತ್ತು.

ಪೈಪು ಹೊರುವುದಕ್ಕೆ ಅಲ್ಲಿ ಕೂಲಿಯ ಮಾತಿಲ್ಲ, ಮುಯ್ಯಾಳಿನ ಲೆಕ್ಕ. ನನ್ನ ತೋಟಕ್ಕೆ ನೀನು ಬಾ, ನಿನ್ನ ತೋಟಕ್ಕೆ ನಾನು ಬರುತ್ತೇನೆ. ಮನೆಗೊಂದು ಆಳು ಬರಬೇಕು, ಬರುವುದು ಯಾರು ಎಂದು ಯಾರೂ ಕೇಳುವುದಿಲ್ಲ. ಈ ಸಲ ಲಕ್ಕಯ್ಯನಿಗೆ ಜ್ವರ ಬಂದು ಮಲಗಿದಾಗ, ಹಬ್ಬಕ್ಕೆಂದು ಬಂದಿದ್ದ ಅಳಿಯನನ್ನು ಬಿಳಿ ಶರ್ಟಿನಲ್ಲೇ ಕಳಿಸಿದ್ದ. ಆ ಬೆಂಗಳೂರಿನ ಅಳಿಯ ಪೈಪು ಹೊತ್ತು ಕೆಸರಾಗಿ, ಇನ್ನೊಮ್ಮೆ ಈ ಕಡೆ ತಲೆ ಹಾಕಲಾರೆ ಎನ್ನುವ ಮುಖ ಮಾಡಿಕೊಂಡು ಹೋದ. ಆದರೆ ಲಕ್ಕಯ್ಯನ ಮನೆಯ ಆಳು ಬಂದ ಹಾಗಾಯಿತು, ಮುಗಿಯಿತು. ಗುಂಡಯ್ಯ ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ಸೊಂಟ ಉಳುಕಿಸಿಕೊಂಡಿದ್ದ. ಹಾಗಾಗಿ ಅವನ ಬದಲು ಸುನಿಲ ಎಲ್ಲರ ತೋಟದಲ್ಲೂ ಪೈಪು ಹೊತ್ತಿದ್ದ. ಇನ್ನು ಇವರ ಸರದಿ ಬಂದಿತ್ತು. ಕೆರೆಯ ನೀರು ಆಗಲೇ ತಳ ಸೇರಿತ್ತು, ಈ ಸರದಿ ತಪ್ಪಿದರೆ ಇನ್ನೊಂದು ಸರದಿಗೆ ಅದರಲ್ಲಿ ಕೆಸರು ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ಆ ದಿನ ಬೆಳಗ್ಗೆ ಎಂಜಿನ್ ಶುರುವಾಯಿತು. ಪೈಪು ಒಂದು ಸಲ ಕೆಮ್ಮಿ, ಗಾಳಿ ಉಗುಳಿ, ತುದಿಯಲ್ಲಿ ನೀರು ಚಿಮ್ಮುವ ಜೆಟ್ಟು ಚಟಚಟ ಸದ್ದು ಮಾಡುತ್ತ ತಿರುಗತೊಡಗಿತು. ಒಣಗಿದ ತರಗಿನ ಮೇಲೆ ನೀರು ಬಿದ್ದ ವಾಸನೆಗೆ ಗುಂಡಯ್ಯನ ಮುಖ ಅರಳಿತು. ಸುನಿಲ ಹೆಗಲ ಮೇಲೆ ಪೈಪು ಹೊತ್ತು ಗಿಡಗಳ ನಡುವೆ ಓಡಾಡಿದ. ಕೈಗೆ ಕೆಲಸ ಇದ್ದಷ್ಟು ಹೊತ್ತು ಅವನಿಗೆ ಫೋನಿನ ನೆನಪಾಗಲಿಲ್ಲ. ಮೊದಲ ಪಟ್ಟೆ ನೆನೆದು ಪೈಪು ಬದಲಿಸುವ ಮುಂಚೆ ಒಂದು ಲೋಟ ಕಾಫಿ ಕುಡಿಯಲು ಮನೆಗೆ ಹತ್ತಿದ. ಕಿಟಕಿಯಲ್ಲಿ ಫೋನು ಲೋಟವನ್ನೂ ಅಲ್ಲಾಡಿಸುತ್ತ ಬಡಿದುಕೊಳ್ಳುತ್ತಿತ್ತು.

ಲೋಹಿತ್. "ಎಲ್ಲಿದ್ದೀಯ ಮಾರಾಯ? ಹೊರಟ್ಯೋ ಇಲ್ವೋ?"

"ಎಲ್ಲಿಗೆ?"

"ಎಲ್ಲಿಗೆ ಅಂತೀಯಲ್ಲೋ! ನಿನ್ನೆನೇ ಎಲ್ರಿಗೂ ಫೋನ್ ಮಾಡವ್ರೆ. ಇವತ್ತು ಸಂಜೆ ರೈಲು ಹತ್ತಬೇಕು. ನಿಂದೂ ಕೇಳ್ದೆ. ಸುನಿಲನ ಅಪ್ಪನ ಹತ್ರ ಮಾತಾಡಿದೀನಿ ಅಂದ್ರು ಸುಬೇದಾರ್ ಸಾಹೇಬ್ರು."

ಸುನಿಲ ಕಾಫಿ ಅಲ್ಲೇ ಬಿಟ್ಟು ಗುಡ್ಡ ಇಳಿದ. ಇಳಿದ ಅನ್ನುವುದಕ್ಕಿಂತ ಬಿದ್ದ ಅನ್ನಬೇಕು. ಎಂಜಿನ್ ಪಕ್ಕ ಡೀಸೆಲ್ ಕ್ಯಾನಿನ ಮೇಲೆ ಕೂತಿದ್ದ ಅಪ್ಪನ ಮುಂದೆ ನಿಂತು, ಎಂಜಿನ್ನಿನ ಗದ್ದಲವನ್ನೂ ಮೀರಿ ಕೂಗಿದ.

"ನಿನ್ನೆ ನಂಗೆ ಫೋನ್ ಬಂದಿತ್ತಾ?"

ಗುಂಡಯ್ಯ ತಲೆ ಎತ್ತಿ ನೋಡಿದ. ಸಿಕ್ಕಿಬಿದ್ದವನ ಅಂಜಿಕೆ ಅವನ ಮುಖದಲ್ಲಿರಲಿಲ್ಲ. "ಬಂದಿತ್ತು. ನೀನು ಲಕ್ಕಯ್ಯನ ತೋಟದಾಗಿದ್ದೆ. ನಾನು ಹೊಗೆಸೊಪ್ಪಿಗೆ ಅಂತ ಮನೆಗೆ ಬಂದಿದ್ದೆ, ಬಡ್ಕೊತಾ ಇತ್ತು, ಎತ್ತಿದೆ."

"ಎತ್ತಿ?"

"ಎತ್ತಿ ಮಾತಾಡ್ದೆ."

ಗುಂಡಯ್ಯ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದಾಗ ಅಸ್ಸಾಮಿನ ಕೂಲಿಯವರ ಜೊತೆ ಸೇರಿ ಒಂದು ಥರದ ಹಿಂದಿ ಕಲಿತಿದ್ದ. ಅದು ಅವನಿಗೂ ಆ ಕೂಲಿಯವರಿಗೂ ಬಿಟ್ಟರೆ ಹೊರಗಿನವರಿಗೆ ಸುಲಭವಾಗಿ ಅರ್ಥವಾಗುವಂಥದ್ದಲ್ಲ. ಅದೇ ಹಿಂದಿಯಲ್ಲಿ ಹಿಂದಿನ ದಿನ ಸುಬೇದಾರರಿಗೆ, "ಲಡ್ಕಾ ಪಾನಿ ಮಾರ್ತಾ ಹೈ ಸಾಬ್, ಬದ್ಲಿ ಮೇ ಮೈ ಆಯೇಗಾ" ಎಂದಿದ್ದ. ಹುಡುಗ ನೀರು ಹೊಡೆಯುತ್ತಿದ್ದಾನೆ, ಅವನ ಬದಲಿಗೆ ನಾನು ಬರುತ್ತೇನೆ ಎಂದು ಅದರ ಅರ್ಥ.

"ಇವತ್ತು ಮಧ್ಯಾಹ್ನದ ಬಸ್ಸಿಗೆ ನಾನು ಹೊರಡೋದು" ಎಂದ ಗುಂಡಯ್ಯ, ಇದರಲ್ಲೇನಿದೆ ಎನ್ನುವ ಹಾಗೆ. "ನೀನು ನೀರು ಮುಗಿಸ್ಕಂಡು ಹಿಂದ್ಲಿಂದ ಬಂದು ನನ್ನ ಬುಡಿಸ್ಕೊ. ಅವ್ರು ಆಳು ಕೇಳಿದ್ರು, ಕೊಡ್ತೀನಿ ಅಂದೆ. ಮನೆಗೊಂದು ಆಳು ಹೋದ್ರಾಯ್ತಲ್ಲ."

ಪೈಪಿನ ಹತ್ತಿರ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. "ಗುಂಡಯ್ಯನ್ನ ನೋಡಿದ್ರೆ ಸಾಕು, ಆ ಕಡೆಯೋರು ಬಂದೂಕು ಬುಟ್ಟು ಓಡೋಗ್ತಾರೆ ಬುಡಿ!" ಎಂದ ರುದ್ರಯ್ಯ.

ಸುನಿಲನಿಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು. ಎಸ್ಟೇಟಿನಲ್ಲಿದ್ದಾಗ ಅಪ್ಪ ಹಾಜರಿ ಬರೆಯುವ ರೈಟರ್‌ಗೆ ಹೀಗೇ ಏನಾದರೊಂದು ಹೇಳಿ ಒಂದು ದಿನದ ಹಾಜರಿ ಉಳಿಸಿಕೊಳ್ಳುತ್ತಿದ್ದುದು ಅವನಿಗೆ ಗೊತ್ತಿತ್ತು. "ಇದೇನು ನಿಮ್ಮ ಎಸ್ಟೇಟ್ ಅನ್ಕಂಡ್ಯಾ? ರೈಟರ್‌ಗೆ ಹೇಳ್ದಂಗೆ ಸುಳ್ಳು ಹೇಳ್ಬುಟ್ಟಲ್ಲಪ್ಪ!"

"ಸುಳ್ಳಲ್ಲ ಕಣ್ಲಾ. ಅಲ್ಲೇನು ಮೂಟೆ ಹೊರೋದೈತಾ? ಕಾಯೋದು ತಾನೆ? ಆನೆ ಬಂದಾಗ ಗದ್ದೆ ಕಾಯಲ್ವಾ ನಾನು?"

"ಇವತ್ತು ನಾನು ರೈಲು ಹತ್ತದಿದ್ರೆ ಹೆದರ್ಕಂಡು ಮನೇಲಿ ಅವಿತ್ಕಂಡ ಅಂತಾರೆ ಕಣಪ್ಪ! ಗುಂಡಯ್ಯನ ಮಗ ಹೇಡಿ ಅಂತಾರೆ!"

ಆ ಮಾತಿಗೆ ನಗು ನಿಂತಿತು. ಹೀಗೂ ಅನ್ನಿಸಿಕೊಳ್ಳಬೇಕಾಗುತ್ತದೆ ಎಂಬುದು ಗುಂಡಯ್ಯನಿಗೆ ಹೊಳೆದೇ ಇರಲಿಲ್ಲ. "ಹಂಗಾದ್ರೆ ಹೋಗು" ಎಂದು ಎಂಜಿನ್ ಕಡೆ ತಿರುಗಿದ.

ಹೋಗು ಎಂದದ್ದೇನೋ ಸರಿ, ಪೈಪು ಹೊರುವವರು ಯಾರು? ರುದ್ರಯ್ಯ ಕೆಟ್ಟವನಲ್ಲ, ಆದರೆ ಪದ್ಧತಿ ಪದ್ಧತಿಯೇ. ಕೆರೆಯತ್ತ ನೋಡುತ್ತ, "ನಿಮ್ಮ ಮನೆ ಆಳೇ ಇಲ್ದೆ ನಿಮ್ಮ ತೋಟದ ಪೈಪು ಹೆಂಗೆ ಎತ್ತೋದು ಗುಂಡಯ್ಯ? ಎಂಜಿನ್ ಮುಂದಿನ ಮನೆಗೆ ಹೋಗ್ಲಾ?" ಎಂದ. ಗುಂಡಯ್ಯ ಸೊಂಟಕ್ಕೆ ಕೈ ಕೊಟ್ಟು ಏಳಲು ನೋಡಿದ. ಅವನು ಪೂರ್ತಿ ಏಳುವ ಮೊದಲೇ, ಮೇಲಿಂದ ಇಳಿದು ಬಂದಿದ್ದ ಚೈತ್ರಶ್ರೀ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಪೈಪಿನ ತುದಿಗೆ ಕೈ ಹಾಕಿದಳು. ಹೆಣ್ಣುಮಕ್ಕಳು ಆ ಪೈಪು ಮುಟ್ಟಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ಮನೆಗೊಂದಾಳು ಬಂದ್ರೆ ಆಯ್ತಲ್ವಾ ರುದ್ರಯ್ಯಣ್ಣ? ಎತ್ತಿ" ಎಂದಳು. ಗಂಡನ ಕಡೆ ತಿರುಗಿ, "ನೀವಿನ್ನೂ ಯಾಕ್ ನಿಂತಿದೀರಿ? ಬಸ್ ತಪ್ಪುತ್ತೆ, ನಡೀರಿ" ಎಂದು ಗದರಿದಳು. ಗದರುವಾಗಲೂ ಪೈಪು ಬಿಡಲಿಲ್ಲ. ಗಂಡಹೆಂಡಿರು ಬೀಳ್ಕೊಂಡದ್ದು ಅಷ್ಟೇ, ಎಂಟು ಜನರ ಮುಂದೆ, ಕೆಸರಿನಲ್ಲಿ ನಿಂತು.

ಸುನಿಲ ಅಪ್ಪನಿಗೆ ಹೇಳದೆ ಹೊರಟ. ಅಷ್ಟು ಸಿಟ್ಟು. ಬಟ್ಟೆಯನ್ನೆಲ್ಲ ಕಪ್ಪು ಬ್ಯಾಗಿಗೆ ತುರುಕಿ ಹೊಸಿಲು ದಾಟುವಾಗ ಕೆಂಚಮ್ಮ ಒಂದು ಬಟ್ಟೆಯ ಕೈಚೀಲ ತಂದು ಕೈಗಿಟ್ಟಳು. "ನಿಮ್ಮಪ್ಪ ಕಟ್ಟಿಟ್ಟಿದ್ದು. ತಗೊಂಡೋಗು" ಎಂದಳು. ಮೆಣಸೋ ಕಾಫಿಪುಡಿಯೋ ಇರಬೇಕು, ಸಾಹೇಬರ ಬಾಯಿ ಮುಚ್ಚಿಸಲಿಕ್ಕೆ ಎಂದುಕೊಂಡು ಅವನು ಅದನ್ನೂ ಹೆಗಲಿಗೆ ಹಾಕಿ ಓಡಿದ.

ಬೆಳಗೋಡಿನಲ್ಲಿ ಬಸ್ಸು ಸಿಕ್ಕಿತು. ಸೀಟಿನಲ್ಲಿ ಕೂತವನು ಕೂರಲಾಗದೆ ಬಾಗಿಲ ಹತ್ತಿರ ಹೋಗಿ ನಿಂತ, ಕಂಡಕ್ಟರ್ ಬೈದ ಮೇಲೆ ಮತ್ತೆ ಬಂದು ಕೂತ. ಸಕಲೇಶಪುರದಲ್ಲಿ ಹಾಸನದ ಬಸ್ಸು ಹತ್ತಿದ ಮೇಲೆ ಧೈರ್ಯ ಮಾಡಿ ಸುಬೇದಾರರಿಗೆ ಫೋನ್ ಮಾಡಿದ. ಅವರು ಬೈಯಲಿಲ್ಲ. ಹೊರಟೆಯಾ, ಸರಿ, ಬೇಗ ಬಾ ಎಂದರು. ಆಮೇಲೆ, ನಿಮ್ಮ ತಂದೆಗೆ ಬರುವುದು ಬೇಡ ಎಂದು ಹೇಳಿಬಿಡು ಎಂದರು. ನಾನು ತಮಾಷೆ ಎಂದುಕೊಂಡಿದ್ದೆ, ಆದರೆ ಅವರು ಅಲ್ಲಿ ಚಳಿ ಎಷ್ಟಿರುತ್ತದೆ, ಮುದುಕರಿಗೆ ಬೂಟು ಕೊಡುತ್ತೀರಾ ಇಲ್ಲ ನಾವೇ ತರಬೇಕಾ ಎಂದು ಬಿಡದೆ ಕೇಳಿದರು, ಎಂದರು ಸುಬೇದಾರರು.

ಸುನಿಲ ಫೋನಿಟ್ಟು ಕೈಚೀಲದ ಗಂಟು ಬಿಚ್ಚಿದ. ಮೆಣಸಿರಲಿಲ್ಲ. ಕಂಬಳಿ ಇತ್ತು. ಮಿಲಿಟರಿ ಕ್ಯಾಂಟೀನಿನಿಂದ ಅವನೇ ತಂದುಕೊಟ್ಟಿದ್ದ, ಇದನ್ನ ಹಾಕ್ಕೊಂಡು ಇಲ್ಲಿ ಯಾರ ಮುಂದೆ ಮೆರೆಯಲಿ ಎಂದು ಅಪ್ಪ ಒಂದು ದಿನವೂ ತೊಡದ ಹಸಿರು ಸ್ವೆಟರ್ ಇತ್ತು. ಮಂಕಿ ಟೋಪಿ, ಹೊಗೆಸೊಪ್ಪು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆಧಾರ್ ಕಾರ್ಡು. ಎಲ್ಲಕ್ಕಿಂತ ಕೆಳಗೆ, ಸೊಂಟಕ್ಕೆ ಹಚ್ಚಿಕೊಳ್ಳುವ ನೋವಿನ ಎಣ್ಣೆಯ ಬಾಟಲಿ, ಸೋರದ ಹಾಗೆ ಅದರ ಮುಚ್ಚಳಕ್ಕೆ ಅಪ್ಪನೇ ಬಿಗಿದ ದಾರ. ಸುಳ್ಳು ಹೇಳ್ಬುಟ್ಟೆ ಎಂದು ಎಲ್ಲರ ಮುಂದೆ ಕಿರುಚಿದ್ದು ನೆನಪಾಗಿ ಸುನಿಲನಿಗೆ ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ಹೆಂಗಸು ನೋಡುತ್ತಿದ್ದಳು, ನೋಡಲಿ ಎಂದು ಬಿಟ್ಟ.

ಮನೆಗೆ ಫೋನ್ ಮಾಡಿದ. ಲೋಟದಲ್ಲಿ ಈಗ ಚೈತ್ರಶ್ರೀಯ ಫೋನಿರಬೇಕು, ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಆಲೂರು ದಾಟಿದ ಮೇಲೆ ಮತ್ತೆ ಮಾಡಿದಾಗ ಎತ್ತಿದ್ದು ಗುಂಡಯ್ಯ.

"ಯಾಕ್ಲಾ, ಬಸ್ ಸಿಗ್ಲಿಲ್ವಾ?"

"ಸಿಕ್ತು ಕಣಪ್ಪ. ಪೈಪು ಎಲ್ಲಿಗೆ ಬಂತು?"

"ಹಲಸಿನ ಮರದ ತಾವ ಐತೆ. ನಿನ್ನ ಹೆಂಡ್ತಿ ರುದ್ರಯ್ಯನಿಗೇ ಜೋರು ಮಾಡ್ತಾವ್ಳೆ. ಇನ್ನೊಂದೇ ಪಟ್ಟೆ. ನೀರು ಕುಡಿಯೋಕೆ ಅಂತ ಮೇಲ್ ಬಂದೆ." ಮುದುಕ ಏದುಸಿರು ಬಿಡುತ್ತಿದ್ದ, ಕೂತಿರಲಿಲ್ಲ, ಅವನೂ ಪೈಪಿಗೆ ಕೈ ಹಾಕಿದ್ದ ಎಂದು ಸುನಿಲನಿಗೆ ತಿಳಿಯಿತು. ಗುಂಡಯ್ಯ ಕೇಳಿದ: "ಆ ಸಾಹೇಬ್ರು ಏನಂದ್ರು? ನಾನು ಬ್ಯಾಡ್ವಂತಾ?"

"ಈ ಸರದಿಗೆ ಬ್ಯಾಡ, ಆಳು ಸಾಕು ಅಂದ್ರು. ಬೇಕಾದ್ರೆ ಹೇಳಿ ಕಳಿಸ್ತಾರಂತೆ."

"ಹಂಗಾದ್ರೆ ಸರಿ ಬುಡು." ಗುಂಡಯ್ಯನ ದನಿ ಹಗುರಾಯಿತು. "ಸ್ವೆಟರ್ ನೀನೇ ಹಾಕ್ಕೊ. ಆ ಎಣ್ಣೆ ಬಾಟ್ಲಿ ಮಾತ್ರ ಯಾರ ಕೈಲಾದ್ರೂ ಕಳ್ಸು, ಸೊಂಟ ಹಿಡ್ಕಂಡೈತೆ. ಎಂಜಿನ್ ನಿಂತಂಗೈತೆ, ಇಡ್ತೀನಿ."

ಫೋನು ಕಟ್ಟಾಯಿತು. ಸುನಿಲ ಅದನ್ನು ಜೇಬಿಗೆ ಹಾಕಿಕೊಂಡು, ಎಣ್ಣೆಯ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಾಸನ ಬರುವವರೆಗೆ ಅವನು ಕೂತಲ್ಲಿಂದ ಒಂದು ಸಲವೂ ಏಳಲಿಲ್ಲ.