ನಲವತ್ತೊಂದನೇ ಗಿಡ

ಪ್ರಿಯಂವದಾ ಮೇಡಂ ಲ್ಯಾಬಿನಿಂದ ಬಂದ ಹಾಳೆಯನ್ನು ಬದುವಿನ ಮೇಲೆ ನಿಂತೇ ಓದಿದರು. "ಸುಳ್ಳಿರಬೇಕು" ಅಂದರು. ಮತ್ತೆ ಓದಿದರು.

ಮೇಡಂ ಒಳ್ಳೆ ಮೇವಿನ ತಳಿ ಹುಡುಕುವ, ಶಿವಮೊಗ್ಗದ ಅಂಚಿನ ಈ ಹೊಲಕ್ಕೆ ನಾನು ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕಳೆ ತೆಗೆಯುವುದು, ನೀರು ಬಿಡುವುದು ನನ್ನ ಕೆಲಸ. ಇಲ್ಲಿರುವುದು ದನ ತಿನ್ನುವ ಕುದುರೆಮಸಾಲೆ ಸೊಪ್ಪು, ಅರವತ್ತು ಗಿಡ. ಹೋದ ತಿಂಗಳು ಒಂದೊಂದು ಗಿಡದ ಎಲೆಯನ್ನೂ ಬೇರೆ ಬೇರೆ ಒಣಗಿಸಿ, ಪುಡಿ ಮಾಡಿ, ನಂಬರು ಬರೆದು ಕಳಿಸಿದ್ದೆವು.

"ಮೈತ್ರಿ, ಬಾ ಇಲ್ಲಿ. ಹೆಚ್ಚಿನವುಗಳಲ್ಲಿ ಪ್ರೋಟೀನು ನೂರಕ್ಕೆ ಹದಿನೆಂಟು, ಹತ್ತೊಂಬತ್ತು. ನಲವತ್ತೊಂದರಲ್ಲಿ ಇಪ್ಪತ್ತೇಳು! ಮೂರು ವರ್ಷದಿಂದ ಇಂಥ ಒಂದು ಗಿಡಕ್ಕೇ ಹುಡುಕ್ತಿದ್ದೆ. ಇದರ ಬೀಜ ಹಿಡೀಬೇಕು."

"ಎಲ್ಲಾ ಒಂದೇ ಚೀಲದ ಬೀಜ ಅಲ್ವಾ ಮೇಡಂ?" ಕಳೆ ತೆಗೆಯುವ ನಮ್ಮಲ್ಲಿ ಹಿರಿಯಳಾದ ಮಾಸ್ತಮ್ಮ ಕೇಳಿದಳು.

"ನಿನ್ನ ನಾಲ್ಕು ಮಕ್ಕಳು ಒಂದೇ ತರ ಇದಾರಾ?"

"ಅಯ್ಯೋ, ಅವರ ಸುದ್ದಿ ಬೇಡ ಬಿಡಿ!"

ಎಲ್ಲರೂ ನಕ್ಕರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಹೋದ ಶನಿವಾರ ಮೇಡಂ ರಜೆಯಲ್ಲಿದ್ದರು. ನಲವತ್ತೊಂದನೇ ಗಿಡ ಒಂದು ಗೇಣುದ್ದವೂ ಇರಲಿಲ್ಲ, ಬಡಕಲು. ಮನೆಯ ರಾಗಿ ಹೊಲದಲ್ಲಿ ಸೊರಗಿದ ಪೈರನ್ನು ಕಿತ್ತು ಪಕ್ಕದ್ದಕ್ಕೆ ಜಾಗ ಮಾಡುತ್ತೇವೆ. ಹಾಗೇ ಬೇರು ಸಮೇತ ಕಿತ್ತೆ. ಕಿತ್ತ ಕಳೆಯನ್ನು ನಾವೆಲ್ಲ ಮನೆಗೆ ಒಯ್ಯುವುದು ರೂಢಿ; ಅದರ ಜೊತೆಗೆ ಇದೂ ನಮ್ಮ ಹಸುವಿನ ಮುಂದೆ ಬಿತ್ತು.

ಈಗ ಮೇಡಂ ಸಾಲಿನಲ್ಲಿ ನಡೆದರು. ಮೂವತ್ತೊಂಬತ್ತು, ನಲವತ್ತು. ಮುಂದೆ ನಂಬರಿನ ಕಡ್ಡಿ ಮಾತ್ರ ನಿಂತಿತ್ತು.

ಮಾಸ್ತಮ್ಮ ನನ್ನ ಮುಖ ನೋಡಿ ಕಿವಿಯಲ್ಲಿ ಅಂದಳು: "ಸುಮ್ನಿರು ಮಾರಾಯ್ತಿ, ಹೆಗ್ಗಣ ಕಡಿದುಹಾಕ್ತು ಅನ್ನೋಣ. ಕೆಲಸ ಹೋಗುತ್ತೆ."

ಮೇಡಂ ಮಂಡಿಯೂರಿ ಬರಿಗೈಯಲ್ಲಿ ಮಣ್ಣು ಕೆದಕತೊಡಗಿದರು. ಬೇರಿನ ಚೂರಾದರೂ ಸಿಕ್ಕೀತೆಂದು ಹುಡುಕುತ್ತಿದ್ದರು. ಅದನ್ನು ನೋಡಲಾಗಲಿಲ್ಲ.

"ನಾನೇ ಕಿತ್ತೆ ಮೇಡಂ. ಹಸು ತಿಂತು."

ಅವರ ಮುಂದೆ ಅಷ್ಟು ಜೋರಾಗಿ ನಾನು ಎಂದೂ ಮಾತಾಡಿರಲಿಲ್ಲ. ಅವರು ಬೈಯಲಿಲ್ಲ. ಮಣ್ಣಾದ ಕೈಯಲ್ಲೇ ಹಾಳೆಯನ್ನು ಮತ್ತೆ ಬಿಡಿಸಿದರು.

"ಇನ್ಯಾವ್ದು ಕಿತ್ತೆ?"

"ಇನ್ನೊಂದೇ. ಹನ್ನೆರಡು. ಅದೂ ಬಡಕಲಾಗಿತ್ತು."

ಅವರ ಬೆರಳು ಹಾಳೆಯ ಮೇಲೆ ಹನ್ನೆರಡರ ಸಾಲಿಗೆ ನಿಧಾನಕ್ಕೆ ಇಳಿದು, ಪ್ರೋಟೀನಿನ ಅಂಕಿಯ ಮೇಲೆ ನಿಂತಿತು.

"ಇಪ್ಪತ್ತೈದು," ಅಂದರು.