ತಾರಸಿಯ ಮೇಲೆ ಎರಡಕ್ಷರ

ದಟ್ಟಗಳ್ಳಿಯ ಆ ಮನೆಗೆ ಬಿಂದು ಸೊಸೆಯಾಗಿ ಬಂದು ಎಂಟು ತಿಂಗಳಾಗಿತ್ತು. ಕೆಮಿಸ್ಟ್ರಿ ಎಂಎಸ್ಸಿ ಮಾಡಿಕೊಂಡವಳು. ಕೆಲಸದ ಮಾತೆತ್ತಿದಾಗಲೆಲ್ಲ ಗಂಡ ಯೋಗೇಂದ್ರ, "ಸ್ವಲ್ಪ ದಿನ ಇರು, ನೋಡೋಣ" ಎನ್ನುತ್ತಿದ್ದ. ಅತ್ತೆ ಪ್ರೇಮಮ್ಮನದೂ ಅದೇ ಮಾತು. ಆ ದಿನ ಎರಡು ಗಂಟೆಗೆ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಅವಳಿಗೆ ಇಂಟರ್‌ವ್ಯೂ ಇತ್ತು. ಮನೆಯಲ್ಲಿ ಹೇಳಿರಲಿಲ್ಲ. ಗೆಳತಿಯನ್ನು ನೋಡಿಬರುತ್ತೇನೆ ಎಂದು ಹೊರಡುವ ಯೋಚನೆಯಲ್ಲಿದ್ದಳು.

ಹನ್ನೆರಡಕ್ಕೆ ಪ್ರೇಮಮ್ಮ ತಾರಸಿಯಿಂದ ಕೂಗಿದರು: "ಉಳಿದಿರೋ ಸಂಡಿಗೆ ಹಿಟ್ಟು ತಗೊಂಡು ಬಾಮ್ಮ."

ಬಿಂದು ಪಾತ್ರೆ ಹಿಡಿದು ಮೇಲೆ ಬಂದಳು. ಅವಳ ಹಿಂದೆಯೇ ಗಾಳಿಗೆ ಬಾಗಿಲು ಬಡಿದುಕೊಂಡಿತು. ಯೋಗೇಂದ್ರ ಹೊಸದಾಗಿ ಹಾಕಿಸಿದ್ದ ಲಾಕ್ ಬಿದ್ದುಬಿಟ್ಟಿತು. ಅದನ್ನು ಒಳಗಿನಿಂದ ಮಾತ್ರ ತೆಗೆಯಬಹುದಿತ್ತು. ಇಬ್ಬರ ಮೊಬೈಲೂ ಕೆಳಗೇ ಇದ್ದವು. ಅಕ್ಕಪಕ್ಕ ಖಾಲಿ ಸೈಟು. ಬಿಸಿಲಿಗೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ.

ಬಿಂದು ಬಾಗಿಲು ಗುದ್ದಿದಳು, ಕೂಗಿದಳು, ಗಂಟಲು ಕಟ್ಟಿತು. ಕೈಗಡಿಯಾರ ನೋಡಿಕೊಳ್ಳುತ್ತ ಗೋಡೆಯಂಚಿಗೂ ಬಾಗಿಲಿಗೂ ಅಲೆದಳು. ಒಂದಾಯಿತು. ಒಂದೂಕಾಲಾಯಿತು. ಕಾಲಡಿಯ ಸಿಮೆಂಟು ಸುಡುತ್ತಿತ್ತು.

ಒಣಹಾಕಿದ ಸಂಡಿಗೆಗೆ ಕಾಗೆ ಬಾರದಂತೆ ಕಾಯುತ್ತ ಪದಬಂಧ ಬಿಡಿಸುವುದು ಪ್ರೇಮಮ್ಮನ ಅಭ್ಯಾಸ. ನೀರಿನ ಟ್ಯಾಂಕಿನ ನೆರಳಲ್ಲಿ ಕೂತು, ಸೊಸೆಯ ಅಲೆದಾಟ ನೋಡಲಾರದೆ ಹೇಳಿದರು: "ಕೂತ್ಕೊಂಡ್ಬುಡು. ಇದೊಂದು ನೋಡು. 'ಅತಿಥಿಗೆ ಹೇಳಿದರೆ ಉಪಚಾರ, ಕತ್ತಿ ಹಿಡಿದವನಿಗೆ ಹೇಳಿದರೆ ಕೊಲೆ.' ಎರಡಕ್ಷರ, ಕೊನೇದು ರಿ. ಕೂರಿ ಅಂತ ಬರೆದೆ. ಕೊಲೆಗೆ ಒಪ್ಪಲ್ಲ."

ಬಿಂದು ತಿರುಗಿಯೂ ನೋಡದೆ ಹೇಳಿದಳು: "ಇರಿ, ಅತ್ತೆ."

"ಇದ್ದೀನಲ್ಲಮ್ಮ, ಇಲ್ಲಿಂದ ಎಲ್ಲಿಗೆ ಹೋಗ್ಲಿ?"

"ಅದೇ ಉತ್ತರ. ಬಂದೋರಿಗೆ ಇರಿ ಅಂತೀವಿ. ಚಾಕು ಹಾಕೋದಕ್ಕೂ ಇರಿ ಅಂತೀವಿ."

ಪ್ರೇಮಮ್ಮ ನಕ್ಕು ಬರೆದುಕೊಂಡರು. ಬಿಂದು ನಗಲಿಲ್ಲ.

"ಎಂಟು ತಿಂಗಳಿಂದ ನೀವಿಬ್ರೂ ನಂಗೆ ಇರು ಇರು ಅಂತಿದ್ದೀರಿ. ಹಂಗೇ ಚುಚ್ಚುತ್ತೆ ಅದು. ಎರಡು ಗಂಟೆಗೆ ಹೆಬ್ಬಾಳದಲ್ಲಿ ಇಂಟರ್‌ವ್ಯೂ ಇತ್ತು ಅತ್ತೆ. ಕದ್ದು ಹೋಗೋಳಿದ್ದೆ."

ಪ್ರೇಮಮ್ಮನ ಪೆನ್ನು ನಿಂತಿತು. ಆಮೇಲೆ ಎದ್ದು ಅಂಚಿಗೆ ಬಂದು ನಿಂತರು. ಅಷ್ಟು ಜೋರಾಗಿ ಅವರು ಕೂಗಿದ್ದನ್ನು ಬಿಂದು ಕೇಳಿರಲೇ ಇಲ್ಲ.

ಎರಡಾಗಿ ಹತ್ತು ನಿಮಿಷಕ್ಕೆ ಗ್ಯಾಸ್ ಸಿಲಿಂಡರ್ ತರುವ ಸಿದ್ದೇಶ್‌ಗೆ ಕೂಗು ಕೇಳಿಸಿತು. ಪ್ರೇಮಮ್ಮ ಸೊಂಟದಲ್ಲಿದ್ದ ಮುಂಬಾಗಿಲ ಕೀಲಿ ಎಸೆದರು. ಅವನು ಹತ್ತಿ ಬಂದು ಲಾಕ್ ತೆಗೆದ.

"ಮುಖ ತೊಳ್ಕೊಂಡು ಆಟೋ ಹತ್ತು," ಎಂದರು ಪ್ರೇಮಮ್ಮ.

ಬಿಂದು ತಲುಪುವಷ್ಟರಲ್ಲಿ ಮೂರು ಗಂಟೆ. ಇಂಟರ್‌ವ್ಯೂ ಮುಗಿದಿತ್ತು. ಗೇಟಿನಿಂದಲೇ ಕಳಿಸಿಬಿಟ್ಟರು.

ಸಂಜೆ ಯೋಗೇಂದ್ರ, "ಎಲ್ಲಿಗೆ ಹೋಗಿದ್ದೆ?" ಎಂದು ಕೇಳಿದ. ಬಿಂದು ಬಾಯಿ ತೆರೆಯುವ ಮೊದಲೇ ಪ್ರೇಮಮ್ಮ ಅಂದರು: "ಕೆಲಸ ಕೇಳೋಕೆ. ನಾನೇ ಕಳಿಸ್ದೆ ಕಣೋ. ಇವತ್ತು ತಪ್ಪೋಯ್ತು. ಇನ್ನೊಂದು ಕಡೆ ಕರೆದ್ರೂ ಹೋಗ್ತಾಳೆ."

ಯೋಗೇಂದ್ರ ಒಮ್ಮೆ ತಾಯಿಯನ್ನು, ಒಮ್ಮೆ ಹೆಂಡತಿಯನ್ನು ನೋಡಿದ. ಒಳಗೆ ಹೋದ. ಬಿಂದು ಅಡುಗೆಮನೆಯ ಕಟ್ಟೆಗೆ ಒರಗಿ, ಮೊಬೈಲಿನಲ್ಲಿ ಬೇರೆ ಕಂಪನಿಗಳ ಜಾಹೀರಾತು ಹುಡುಕತೊಡಗಿದಳು.