ಇಲ್ಲ ಅನ್ನದ ಅಂಗಡಿ

ಬಟನ್ ಅಂಗಡಿಯಲ್ಲಿ ‘ಇಲ್ಲ’ ಅನ್ನುವ ಮಾತಿಗೆ ಜಾಗವಿರಲಿಲ್ಲ. ಗಿರಾಕಿ ಕೇಳಿದ ಬಟನ್ ಡಬ್ಬಿಯಲ್ಲಿರಲಿ ಬಿಡಲಿ, ‘ನೋಡೋಣ’, ‘ನಾಳೆ ಬರುತ್ತೆ’, ‘ಇದೇ ಥರದ್ದು ಇನ್ನೊಂದಿದೆ’ ಅನ್ನಬೇಕು. ಇಲ್ಲ ಅಂದರೆ ಗಿರಾಕಿ ಎದುರಂಗಡಿ ಹತ್ತುತ್ತಾನೆ ಅನ್ನುವುದು ಯಜಮಾನರ ಖಡಕ್ ಮಾತು. ಚಿಕ್ಕ ವಯಸ್ಸಿನಲ್ಲೇ ಆ ಕೌಂಟರಿನ ಹಿಂದೆ ನಿಂತವಳು ಬಟನ್ ಅಕ್ಕ. ಬೀದಿಯೆಲ್ಲ ಅವಳನ್ನು ಕರೆಯುವುದು ಹಾಗೆಯೇ. ‘ಇಲ್ಲ’ ಅನ್ನುವುದು ಅವಳ ನಾಲಿಗೆಯಿಂದ ಅಳಿಸಿಯೇ ಹೋಗಿತ್ತು. ಮನೆಯಲ್ಲೂ ಅಷ್ಟೇ.

ಅದರಿಂದಲೇ ಈ ಫಜೀತಿ. ಹೋದ ವಾರ ಅಣ್ಣ, “ನನ್ನ ಭಾಮೈದ ನಮ್ಮಲ್ಲೇ ಇರೋಕೆ ಬರ್ತಿದಾನೆ. ನಿನ್ನ ಮುಂದಿನ ರೂಮು ಅವನಿಗೆ ಬಿಟ್ಟು, ನೀನು ಹಿಂದಿನ ಸಾಮಾನು ಕೋಣೆಗೆ ಹೋಗ್ತೀಯಾ?” ಅಂದಿದ್ದ. ಮುಂದಿನ ಕೋಣೆಯ ಕಿಟಕಿಯ ಬೆಳಕಿನಲ್ಲೇ ಅವಳ ಹೊಲಿಗೆ ಮಷೀನು ಇದ್ದದ್ದು. ರಜೆಯ ದಿನ ಅಲ್ಲಿ ಕೂತು, ಬೀದಿ ನೋಡುತ್ತ, ತನಗೆ ಬೇಕಾದ್ದನ್ನು ಹೊಲಿದುಕೊಳ್ಳುವುದೊಂದೇ ಅವಳಿಗೆ ತನ್ನದು ಅಂತ ಇದ್ದ ಸುಖ. ಸಾಮಾನು ಕೋಣೆಗೆ ಕಿಟಕಿಯೇ ಇರಲಿಲ್ಲ. ಎದೆ ಧಸಕ್ಕೆಂದರೂ ಬಾಯಿ ಮಾತ್ರ ಅಭ್ಯಾಸಬಲದಿಂದ “ನೋಡೋಣ ಅಣ್ಣ” ಅಂದುಬಿಟ್ಟಿತು. ಅಣ್ಣ ಅದನ್ನೇ ಒಪ್ಪಿಗೆ ಅಂದುಕೊಂಡ. ಪಾಪ, ಅವನಾದರೂ ಇನ್ನೇನು ಅಂದುಕೊಳ್ಳಬೇಕು?

ಸಾಲದ್ದಕ್ಕೆ ಇಂಗ್ಲಿಷ್ ಬೇರೆ. ಇಂಗ್ಲಿಷಿನಲ್ಲಿ ಕೇಳುವ ಗಿರಾಕಿಗಳು ಹೆಚ್ಚಾದರೆಂದು ಯಜಮಾನರು ಅವಳನ್ನು ಸಂಜೆ ಕ್ಲಾಸಿಗೆ ಸೇರಿಸಿದ್ದರು. ಆವತ್ತಿನ ಪಾಠ ನೋಡಿದರೆ, ಇಲ್ಲ ಅನ್ನುವುದು ಹೇಗೆ ಅಂತಲೇ!

“ನೋ, ನಾಟ್, ನೆವರ್, ನೋಬಡಿ, ನಥಿಂಗ್,” ಎಂದು ಮೇಷ್ಟ್ರು ಬೋರ್ಡು ತುಂಬಿಸಿದರು. “ಒಂದು ವಾಕ್ಯಕ್ಕೆ ಇವುಗಳಲ್ಲಿ ಒಂದೇ ಸಾಕು. ಎರಡು ಹಾಕಿದ್ರೆ ಒಂದನ್ನೊಂದು ಹೊಡೆದುಹಾಕಿ, ಇಲ್ಲ ಅನ್ನೋದು ಇದೆ ಅಂತ ಆಗಿಬಿಡುತ್ತೆ. ‘ನೋಬಡಿ ಕೇಮ್’ ಅಂದ್ರೆ ಮುಗೀತು, ಯಾರೂ ಬರಲಿಲ್ಲ ಅಂತ.”

“ಕೇಮ್ ಅಂದ್ರೆ ಬಂದ ಅಂತ ಅಲ್ವಾ ಸಾರ್?” ಬಟನ್ ಅಕ್ಕ ಕೇಳಿದಳು.

“ಹೌದು.”

“ಯಾರೂ ಬರದೇ ಇದ್ರೆ ಬಂದೋನು ಯಾರು ಸಾರ್?”

ಕ್ಲಾಸು ಗೊಳ್ಳೆಂದಿತು. ಅವಳೇನೂ ನಗಿಸಲು ಕೇಳಿರಲಿಲ್ಲ. ನಮ್ಮ ಮಾತಿನಲ್ಲಿ ಸಿಟ್ಟು ಬಂದವರು ಇಲ್ಲ, ಇಲ್ಲ, ಇಲ್ಲವೇ ಇಲ್ಲ ಅಂದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಇಂಗ್ಲಿಷಿನವರಲ್ಲಿ ಅದೇ ಕರಗಿಹೋಗುತ್ತದಂತೆ. ಯಾವ ಸೀಮೆಯ ನ್ಯಾಯವಪ್ಪಾ ಇದು! ತಲೆ ಗಿರ್ರೆನ್ನುತ್ತಲೇ ಮನೆಗೆ ನಡೆದಳು.

ಅಷ್ಟರಲ್ಲಿ ಅಣ್ಣ ಮಷೀನನ್ನು ಕಿಟಕಿಯಿಂದ ಬಾಗಿಲವರೆಗೆ ಎಳೆದು ತಂದಾಗಿತ್ತು. ಅತ್ತಿಗೆ ಕಿಟಕಿಗೆ ಹೊಸ ಪರದೆ ಹಿಡಿದು ಅಳತೆ ನೋಡುತ್ತಿದ್ದಳು.

“ಬಂದ್ಯಾ ಪುಟ್ಟಿ? ಆ ಕಡೆ ಹಿಡ್ಕೋ, ಹಿಂದಕ್ಕೆ ಸಾಗಿಸೋಣ,” ಅಂದ ಅಣ್ಣ.

ಬಟನ್ ಅಕ್ಕ ಬಾಯಿ ತೆರೆದಳು. ತುಟಿಯ ತುದಿಗೆ ಬಂದದ್ದು ‘ನಾಳೆ’. ಅದನ್ನು ನುಂಗಿದರೆ ಹಿಂದೆಯೇ ‘ನೋಡೋಣ’. ಕಣ್ಣು ತುಂಬಿತು. ಯಜಮಾನರು ಬೇಡ ಅಂದದ್ದು ಕನ್ನಡದ ಇಲ್ಲವನ್ನು ತಾನೇ? ಬೋರ್ಡಿನ ಮೇಲಿದ್ದದ್ದೆಲ್ಲ ಒಟ್ಟಿಗೆ ನುಗ್ಗಿ ಬಂತು.

“ಐ ನಾಟ್ ಗಿವ್ ನೋಬಡಿ ನಥಿಂಗ್ ನೆವರ್!”

ಅಣ್ಣ ಕಕ್ಕಾಬಿಕ್ಕಿಯಾದ. “ಏನಂದ್ಲೇ ಇವಳು?”

“ಕೊಡಲ್ವಂತೆ,” ಅಂದಳು ಅತ್ತಿಗೆ. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ನಾದಿನಿಯ ಮುಖ ಓದಲು ಬರುತ್ತಿತ್ತು.

“ಮತ್ತೆ ಹೋದ ವಾರ ನೋಡೋಣ ಅಂದಿದ್ದೆ?”

“ಅದು ಅಂಗಡಿ ಮಾತು ಅಣ್ಣ,” ಅಂದವಳು ಅತ್ತೇಬಿಟ್ಟಳು.

ಅಣ್ಣ ತಲೆ ಕೆರೆದುಕೊಂಡ. “ಮೊದಲೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?” ಎಂದು ಗೊಣಗುತ್ತ ಮಷೀನನ್ನು ಮತ್ತೆ ಕಿಟಕಿಯ ಬುಡಕ್ಕೇ ನೂಕಿದ. ಅತ್ತಿಗೆ ಪರದೆ ಮಡಚಿಕೊಂಡು, “ನನ್ನ ತಮ್ಮ ನಡುಮನೇಲೇ ಮಲಗ್ಲಿ ಬಿಡಿ,” ಎಂದು ಮುಖ ಬಿಗಿದುಕೊಂಡೇ ಹೊರಗೆ ಹೋದಳು.

ಒಬ್ಬಳೇ ಉಳಿದ ಬಟನ್ ಅಕ್ಕನಿಗೆ ಮೇಷ್ಟ್ರ ಮಾತು ನೆನಪಾಯಿತು. ಬೆರಳು ಮಡಚಿ ಎಣಿಸಿದಳು. ನಾಟ್, ನೋಬಡಿ, ನಥಿಂಗ್, ನೆವರ್. ಎರಡೆರಡು ಜೊತೆಯಾಗಿ ಹೊಡೆದುಹೋದರೆ ಉಳಿಯುವುದೇನು? ಅಯ್ಯೋ, ಕೊಟ್ಟೇಬಿಟ್ಟೆನಾ? ಇನ್ನೊಮ್ಮೆ ಎಣಿಸಿದಳು. ಲೆಕ್ಕ ಅಷ್ಟೇ ಬಂತು.

ಯಾವುದಕ್ಕೂ ಇರಲಿ ಎಂದು ಎದ್ದು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಬಂದು, ಮಷೀನಿನ ಮುಂದೆ ಕೂತಳು.